ಎರಡು ಪಟ್ಟು ವೇಗದಲ್ಲಿ ಕೇಳಿದ ಗೆಳೆಯ

ನಾನು ಪುಣೆಗೆ ಬಂದು 15 ವರ್ಷ ಆಯ್ತು. ಹಿಂಜವಡಿಯಲ್ಲಿ ಕೆಲಸ. ಇಲ್ಲಿ ಕೂತವರಲ್ಲಿ ಅರ್ಧ ಜನ ಅದೇ ಟ್ರಾಫಿಕ್‌ನಲ್ಲಿ ಸಿಕ್ಕಿ ಬಂದಿದ್ದೀರಿ ಅಂತ ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ಇವತ್ತು ನಾನು ಕೆಲಸದ ಬಗ್ಗೆ ಮಾತಾಡೋದಿಲ್ಲ. ಹುಬ್ಬಳ್ಳಿಯ ನನ್ನ ಒಬ್ಬ ಗೆಳೆಯನ ಬಗ್ಗೆ ಹೇಳ್ತೀನಿ. ಹೋದ ವರ್ಷ ತೀರಿಕೊಂಡ. 41 ವರ್ಷ. ಅವನ ಮಕ್ಕಳು ಇನ್ನೂ ಸಣ್ಣವರು, ಹಾಗಾಗಿ ಹೆಸರು ಬೇಡ. ನಾವು ಒಬ್ಬರನ್ನೊಬ್ಬರು 'ದೋಸ್ತ' ಅಂತಲೇ ಕರೀತಿದ್ವಿ. ಇಲ್ಲೂ ಅದೇ ಇರಲಿ.

ಹುಬ್ಬಳ್ಳಿ ಕಡೆಯವರಿಗೆ ಗೊತ್ತು, ನಮ್ಮಲ್ಲಿ ಬಣ್ಣ ಆಡೋದು ರಂಗಪಂಚಮಿಗೆ, ಹೋಳಿ ಹುಣ್ಣಿಮೆ ಆದ ಐದನೇ ದಿನ. ಅಲ್ಲೀತನಕ ಓಣಿ ಓಣಿಯಲ್ಲಿ ಕಾಮಣ್ಣ, ಹಲಗೆ ಸದ್ದು, ಜಗ್ಗಲಿಗೆ ಸದ್ದು. ಕಾಮಣ್ಣನ್ನ ಸುಡೋಕೆ ಹುಡುಗರು ಕಟ್ಟಿಗೆ, ಕುಳ್ಳು ಕದೀಬೇಕು. ಆ ದಿನಗಳಲ್ಲಿ ಅದು ಕಳ್ಳತನ ಅಲ್ಲ, ಸಂಪ್ರದಾಯ. ದೋಸ್ತ ಮೊದಲು ಕದೀತಿದ್ದದ್ದು ಅವನ ಮನೇದೇ. ಕೇಳಿದ್ರೆ, "ಮಂದಿ ಮನ್ಯಾಗ ಸಿಕ್ಕರ ಬಡೀತಾರ, ನಮ್ಮವ್ವ ಆದ್ರ ಬರೇ ಬೈತಾಳ" ಅಂತಿದ್ದ.

ಹೋಳಿಯಲ್ಲಿ ಅಣಕು ಶವಯಾತ್ರೆ ಅಂತ ಒಂದು ಇದೆ. ಜೀವಂತ ಮನುಷ್ಯನನ್ನ ಚಟ್ಟದ ಮೇಲೆ ಮಲಗಿಸಿ, ಹಲಗೆ ಬಡೀತಾ, ಸುಳ್ಳು ಸುಳ್ಳೇ ಅಳ್ತಾ ಮೆರವಣಿಗೆ ಮಾಡೋದು. ದೊಡ್ಡವರನ್ನ ನೋಡಿ ನಾವೂ ಮಾಡಿದ್ವಿ. ಆಗ ಐದನೇ ಕ್ಲಾಸು. ಹೆಣ ಯಾರು ಆಗಬೇಕು ಅನ್ನೋ ಪ್ರಶ್ನೆಯೇ ಬರಲಿಲ್ಲ, ದೋಸ್ತ ಆಗಲೇ ಮಲಗಿಬಿಟ್ಟಿದ್ದ. ಎರಡು ಬಿದಿರು, ಒಂದು ಹಳೇ ಚಾದರ, ನಾಲ್ಕು ಜನ ಹೊತ್ತು ಹೊರಟ್ವಿ. ಓಣಿ ತಿರುವಿನಲ್ಲಿ ಎದುರಿಗೆ ನಮ್ಮ ಗಣಿತದ ಸರ್ ಬಂದ್ರು. ನಮ್ಮೆಲ್ಲರ ಅಳು ಬಂದ್. ಹೆಣ ಮಾತ್ರ ಒಂದು ಕಣ್ಣು ತೆಗೆದು, ಮಲಗಿದಲ್ಲೇ ಕೈ ಮುಗಿದು, "ನಮಸ್ಕಾರ್ರೀ ಸರ್" ಅಂತು! ಸರ್ ಒಂದು ಕ್ಷಣ ಸುಮ್ಮನೆ ನಿಂತ್ರು. ಆಮೇಲೆ, "ಸತ್ತಾವರು ನಮಸ್ಕಾರ ಮಾಡಬಾರದಲೇ, ಮಲ್ಕೋ" ಅಂದು ಮುಂದೆ ಹೋದ್ರು. ನಾವು ನಕ್ಕು ನಕ್ಕು ಚಟ್ಟವನ್ನ ಕೈಬಿಟ್ವಿ. ಹೆಣ ಗಟಾರದಲ್ಲಿ ಬಿತ್ತು.

ಹೀಗಿದ್ದ ಅವನು. ಮುಂದೆ ನಾನು ಇಂಜಿನಿಯರಿಂಗ್ ಮಾಡಿ ಪುಣೆಗೆ ಬಂದೆ. ಅವನು ಓಣಿ ಹತ್ತಿರವೇ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ಊರಿಗೆ ಹೋದಾಗೆಲ್ಲ ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ತಿಂದು, ಅವನ ಮಾತು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ವಾಪಸ್ ಬರೋದು. ಉಳಿದ ದಿನ ವಾಟ್ಸಾಪ್. ಅವನು ಟೈಪ್ ಮಾಡೋನಲ್ಲ, ವಾಯ್ಸ್ ಮೆಸೇಜ್ ಕಳಿಸೋನು. ಮೂರು ನಿಮಿಷ, ನಾಲ್ಕು ನಿಮಿಷ. ಯಾರೋ ಮಿಕ್ಸರ್ ತಂದ್ರು, ಅದರೊಳಗೆ ಇಲಿ ಇತ್ತು, ಇಂಥ ಕಥೆಗಳು.

ನಾನು ಅವನ್ನ 2ಎಕ್ಸ್‌ನಲ್ಲಿ ಕೇಳ್ತಿದ್ದೆ. ನಾವೆಲ್ಲ ಹಾಗೇ ಅಲ್ವಾ? ಟ್ರೇನಿಂಗ್ ವಿಡಿಯೋ 2ಎಕ್ಸ್, ಮೀಟಿಂಗ್ ರೆಕಾರ್ಡಿಂಗ್ 2ಎಕ್ಸ್, ಗೆಳೆಯನೂ 2ಎಕ್ಸ್. ಒಂದು ಕಿವಿ ಅಲ್ಲಿ, ಕಣ್ಣು ಮೇಲ್ ಮೇಲೆ. ಕೊನೆಗೆ ನಗೋ ಇಮೋಜಿ ಮೂರು. ಗೆಳೆತನದ ಬಾಕಿ ತೀರಿತು!

ಒಂದು ಭಾನುವಾರ ರಾತ್ರಿ ಫೋನ್ ಬಂತು. ಅಂಗಡಿ ಮುಚ್ಚಿ ಮನೆಗೆ ಬಂದವನು ಕುಸಿದು ಬಿದ್ದನಂತೆ. ಹಾರ್ಟ್ ಅಟ್ಯಾಕ್. ರಾತ್ರಿಯೇ ಕಾರು ತಗೊಂಡು ಹೊರಟೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. 400ಕ್ಕೂ ಹೆಚ್ಚು ಕಿಲೋಮೀಟರ್. ಬೆಳಿಗ್ಗೆ ಮುಟ್ಟಿದೆ.

ಚಟ್ಟ ಹೊತ್ತಿದ್ದ ನಾಲ್ಕೂ ಜನ ಅವನ ಮನೆ ಮುಂದೆ ನಿಂತಿದ್ವಿ. ಒಬ್ಬ ಮೆಲ್ಲಗೆ, "ಈಗ ಕಣ್ಣು ತಗದು ನಮಸ್ಕಾರ್ರೀ ಅಂತಾನ ನೋಡಲೇ" ಅಂದ. ನಗು ಬಂತು. ಸಾವಿನ ಮನೆ ಮುಂದೆ ನಗಬಾರದು ಅಂತ ಗೋಡೆ ಕಡೆ ಮುಖ ಮಾಡಿದ್ವಿ. ಅಲ್ಲೇ ಅಳು ಬಂತು.

ಕಾರ್ಯ ಎಲ್ಲ ಮುಗಿದ ಮೇಲೆ ಅವರವ್ವ ನನ್ನ ಹತ್ತಿರ ಬಂದು ಕೂತ್ರು. "ತಿಂಗಳಿಂದ ಮೆಟ್ಟಲಾ ಹತ್ತೂಮುಂದ ನಿಂತು ನಿಂತು ಹತ್ತತಿದ್ದಪಾ. ದವಾಖಾನಿಗೆ ಹೋಗು ಅಂದ್ರ, ಪುಣೇದಾಂವಗ ಕೇಳೇನಿ, ಅಂವ ಹೇಳ್ತಾನ ಅಂತಿದ್ದ" ಅಂದ್ರು.

ನನಗೆ ಕೇಳಿದ್ನಾ? ಯಾವಾಗ?

ಹೊರಗೆ ಬಂದು, ಕಾರಿನಲ್ಲಿ ಕೂತು, ಅವನ ಮೆಸೇಜ್‌ಗಳನ್ನ ಮೊದಲ ಸಲ ಮಾಮೂಲಿ ವೇಗದಲ್ಲಿ ಕೇಳಿದೆ. ಮೂರು ವಾರದ ಹಿಂದಿನದು ಒಂದು. ಮೊದಲ ಮೂರು ನಿಮಿಷ ಮನೆ ಮಾಲೀಕನ ಮೋಟರ್ ಕಥೆ. ಮಾತಿನ ನಡುವೆ ನಿಲ್ತಾನೆ, ಉಸಿರು ತಗೋತಾನೆ. 2ಎಕ್ಸ್‌ನಲ್ಲಿ ಆ ಉಸಿರು ನನಗೆ ಕೇಳಿಸಿರಲೇ ಇಲ್ಲ. ಕೊನೆಗೆ, "ಮತ್ತ ದೋಸ್ತ, ಮೆಟ್ಟಲಾ ಹತ್ತಿದ್ರ ಎದಿ ಹಿಡದಂಗ ಆಗ್ತೈತಿ. ಗ್ಯಾಸ್ ಇರಬೇಕು. ನಿನಗ ಯಾರರೇ ಡಾಕ್ಟರ್ ಗೊತ್ತಿದ್ರ ಕೇಳಲೇ" ಅಂದು, ನಕ್ಕು, ಇಟ್ಟಿದ್ದಾನೆ.

ಅದರ ಕೆಳಗೆ ನನ್ನ ಮೂರು ಇಮೋಜಿ.

ನಾನು ಆವತ್ತು ಫೋನ್ ಮಾಡಿದ್ರೆ ಅವನು ಉಳೀತಿದ್ನಾ? ಗೊತ್ತಿಲ್ಲ. ಆದ್ರೆ ಅವನು ಕೇಳಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಅದಂತೂ ನಿಜ. ಅದನ್ನ ಅವರವ್ವನಿಗೆ ಹೇಳೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಅವರು ಬೈಲಿಲ್ಲ. "ಅಂವ ನಕ್ಕೋಂತ ಹೇಳಿದ್ರ ಯಾರಿಗೆ ತಿಳೀತೈತಿ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ನಗಿಸೋ ಗೆಳೆಯ ಪ್ರತಿಯೊಬ್ಬರಿಗೂ ಒಬ್ಬ ಇರ್ತಾನೆ. ಅವನು ಕಷ್ಟ ಹೇಳಿದ್ರೂ ನಾವು ಜೋಕ್ ಅಂತಲೇ ಕೇಳ್ತೀವಿ. ಅವನೂ ಜೋಕಿನಲ್ಲಿ ಸುತ್ತಿಯೇ ಹೇಳ್ತಾನೆ, ಅವನಿಗೆ ಬೇರೆ ರೀತಿ ಹೇಳೋಕೆ ಬರಲ್ಲ. ಊರಲ್ಲಿ ಇದ್ದೇ ಇರ್ತಾನೆ, ದೀಪಾವಳಿಗೆ ಹೋದಾಗ ಸಿಗ್ತಾನೆ ಅಂದುಕೊಂಡಿರ್ತೀವಿ.

ಎರಡು ಮಾತು ಹೇಳಿ ಮುಗಿಸ್ತೀನಿ. ಒಂದು, ಮೆಟ್ಟಿಲು ಹತ್ತಿದಾಗ ಎದೆ ಬಿಗಿಯಾಗಿ, ನಿಂತರೆ ಕಡಿಮೆಯಾದ್ರೆ, ಅದನ್ನ ಗ್ಯಾಸ್ ಅಂತ ಬಿಡಬೇಡಿ. ಡಾಕ್ಟರ್ ಹತ್ತಿರ ಹೋಗಿ. ಕೂತಾಗಲೂ ಎದೆ ನೋವು ನಿಲ್ಲದೆ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಡಿದ್ರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲೂ ಅದೇ ನಂಬರ್, ಇಲ್ಲಿ ಮಹಾರಾಷ್ಟ್ರದಲ್ಲೂ ಅದೇ.

ಎರಡನೇದು, ಇವತ್ತು ಮನೆಗೆ ಹೋಗಿ ನಿಮ್ಮ ದೋಸ್ತನ ಹಳೇ ಮೆಸೇಜ್ ಒಂದನ್ನ ಮಾಮೂಲಿ ವೇಗದಲ್ಲಿ, ಕೊನೇತನಕ ಕೇಳಿ. ಆಮೇಲೆ ಇಮೋಜಿ ಕಳಿಸಬೇಡಿ, ಫೋನ್ ಮಾಡಿ. "ಏನಲೇ, ಇಷ್ಟ ರಾತ್ರ್ಯಾಗ?" ಅಂತ ಬೈತಾನೆ. ಬೈಸಿಕೊಳ್ಳಿ.