ಗಾಯ ತೊಳೆಯುವವಳ ಗಾಯ

ಸಂಘದ ಅಕ್ಕತಂಗಿಯರೇ,

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಸುಟ್ಟ ಗಾಯದ ಹೆಣ್ಣುಮಕ್ಕಳನ್ನು ಕೋಲಾರಕ್ಕೆ ತಂದಾಗ, ಜೊತೆಗೆ ಬಂದವರ ಮಾತು ಒಂದೇ: ‘ಸ್ಟೌ ಸಿಡೀತು’. ಈಗ ಸ್ಟೌ ಹೋಗಿ ಗ್ಯಾಸ್ ಬಂದಿದೆ, ಅಷ್ಟೇ. ಪೊಲೀಸರ ಮುಂದೆ ಹೇಳದ್ದನ್ನು ಅವರು ರಾತ್ರಿ ಪಾಳಿಯಲ್ಲಿ ಬ್ಯಾಂಡೇಜು ಬಿಚ್ಚುವ ನನ್ನಂಥ ನರ್ಸಿಗೆ ಹೇಳುತ್ತಾರೆ. ಅದನ್ನು ಹೊತ್ತುಕೊಂಡೇ ನಾವು ಬೆಳಿಗ್ಗೆ ಬಸ್ಸು ಹತ್ತುವುದು. ನಿದ್ದೆ ಬರುವುದಿಲ್ಲ. ಅಳುವೂ ಬರುವುದಿಲ್ಲ. ‘ಈ ಸಿಸ್ಟರಿಗೆ ಕರುಣೆಯೇ ಇಲ್ಲ’ ಎಂದು ನಿಮ್ಮಲ್ಲೂ ಕೆಲವರು ಬೈದಿರಬಹುದು. ಇಂಥ ಬಳಲಿಕೆ ಕೆಲಸದ ಒತ್ತಡದಿಂದ ಬರುವುದೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಮನೆಯಲ್ಲಾದರೂ ವಿಶ್ರಾಂತಿ ಇದೆಯೇ? ‘ಹುಡುಗಿ ನರ್ಸು, ವರದಕ್ಷಿಣೆ ಬೇಡ’ ಎಂದು ದೊಡ್ಡ ಮನಸ್ಸು ತೋರಿದವರು ತಿಂಗಳು ತಿಂಗಳೂ ಸಂಬಳಕ್ಕೆ ಕೈಯೊಡ್ಡುತ್ತಾರೆ. ಕೊಡದಿದ್ದರೆ ಏಟು. ಬಾಸುಂಡೆ ಸಮವಸ್ತ್ರದೊಳಗೆ ಮುಚ್ಚಿಹೋಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಹೆಣ್ಣಿಗೆ ಸಲ್ಲಬೇಕಾದ ಹಣವನ್ನು ಕಸಿಯುವುದನ್ನೂ ದೌರ್ಜನ್ಯವೆನ್ನುತ್ತದೆ. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮನಸ್ಸು ಕುಸಿದಾಗ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಉಚಿತ ‘ಟೆಲಿ ಮಾನಸ್’ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನು ಸಂಬಳ ಉಳಿಸಿಕೊಡುವುದಿಲ್ಲ, ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಹಾಕಿಸುವುದಿಲ್ಲ. ಅದಕ್ಕೆ ನೀವು ಬೇಕು. ನಿಮ್ಮೂರಿನ ನರ್ಸನ್ನು ಮುಂದಿನ ಸಭೆಗೆ ಕರೆಯಿರಿ. ಅವಳ ಪಾಳಿ ಕೇಳಿಕೊಂಡು ದಿನ ಗೊತ್ತುಮಾಡಿ.