ಶೋಕದಲ್ಲಿರುವ ಕೆಲಸಗಾರನೂ ಯಜಮಾನನ ಧರ್ಮವೂ



ದಾಂಡೇಲಿಯ ಬಂಗೂರನಗರವು ಕಾಳೀನದಿಯ ನೀರನ್ನೂ ಕಾಗದದ ಕಾರಖಾನೆಯನ್ನೂ ಆಶ್ರಯಿಸಿ ಬೆಳೆದ ನೆಲೆಯಾಗಿದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು 1955ರಲ್ಲಿ ಸ್ಥಾಪಿತವಾಗಿ 1959ರಲ್ಲಿ ಕಾಗದವನ್ನು ತಯಾರಿಸತೊಡಗಿತು. ಅಂದಿನಿಂದ ನಾನಾ ಊರುಗಳ, ನಾನಾ ಮತಗಳ ಜನರು ಅನ್ನವನ್ನರಸಿ ಇಲ್ಲಿಗೆ ಬಂದರು. ಮಗನು ಇಲ್ಲಿ ದುಡಿಯುವನು. ಹೆತ್ತವರು ಹುಟ್ಟೂರಲ್ಲಿ ಇರುವರು. ಆದುದರಿಂದ ತಂದೆತಾಯಿಗಳ ಮರಣವಾರ್ತೆಯು ಎಷ್ಟೋ ಸಲ ಅವನಿಗೆ ಪಾಳಿಯ ನಡುವೆಯೇ ಮುಟ್ಟುವದು. ಆಗ ಅವನ ಸಮೀಪದಲ್ಲಿರುವ ಹಿರಿಯನೆಂದರೆ ಮೇಲಧಿಕಾರಿಯೊಬ್ಬನೇ.

1948ರ ಕಾರಖಾನೆ ಕಾಯಿದೆಯಲ್ಲಿ 20 ದಿನದ ದುಡಿತಕ್ಕೆ 1 ದಿನದಂತೆ ಸಂಬಳಸಹಿತ ರಜೆಯ ಏರ್ಪಾಡಿತ್ತು. ಅದಕ್ಕೆ 15 ದಿನ ಮೊದಲೇ ಅರ್ಜಿ ಕೊಡತಕ್ಕದ್ದೆಂಬ ನಿಯಮವೂ ಇತ್ತು. ಬೇನೆ ಬಿದ್ದವನಿಗೆ ಈ ನಿಯಮದಿಂದ ವಿನಾಯಿತಿ ಇದ್ದಿತು. ತಂದೆಯನ್ನು ಕಳೆದುಕೊಂಡವನ ಮಾತು ಅಲ್ಲಿ ಬಂದಿರಲಿಲ್ಲ. ಮೃತ್ಯುವು 15 ದಿನ ಮೊದಲು ತಿಳಿಸಿ ಬರುವದುಂಟೆ? ಕಾಯಿದೆಯು ಸುಮ್ಮನಿರುವಲ್ಲಿ ಯಜಮಾನನ ಧರ್ಮವು ಮಾತನಾಡಬೇಕು.

ಮೊದಲನೆಯದಾಗಿ, ವಾರ್ತೆ ಬಂದೊಡನೆ ಅವನನ್ನು ಬಿಟ್ಟು ಕಳಿಸತಕ್ಕದ್ದು. ರಜೆಯ ಲೆಕ್ಕವನ್ನು ಆಮೇಲೆ ಬರೆದುಕೊಳ್ಳಬಹುದು. ಲಿಂಗೈಕ್ಯರಾದವರ ಸಮಾಧಿಯು ಬಹುಶಃ ಅದೇ ದಿನ ಇಲ್ಲವೆ ಮರುದಿನ ಆಗಿಹೋಗುವದು. ಕಚೇರಿಯ ಬಾಗಿಲಲ್ಲಿ ಕಳೆದ ಒಂದು ತಾಸಿನಿಂದ ತಾಯಿಯ ಮುಖದರ್ಶನವು ತಪ್ಪಿದರೆ ಅದನ್ನು ತುಂಬಿಕೊಡುವವರಾರು? ಅವನ ಕೈಯಲ್ಲಿ ದಾರಿಯ ಖರ್ಚಿಗೆ ಹಣವಿದೆಯೋ ಇಲ್ಲವೋ ಕೇಳಬೇಕು. ಜೊತೆಗಾರನೊಬ್ಬನನ್ನು ಕೂಡಿಸಿ ಕಳಿಸಬೇಕು.

ಎರಡನೆಯದಾಗಿ, ಅವನು ಮರಳಿ ಬಂದಾಗಿನ ನಡಾವಳಿ. ಲಿಂಗವಂತರಿಗೆ ಸೂತಕವಿಲ್ಲವಷ್ಟೆ, ನಾಳೆಯೇ ಪಾಳಿಗೆ ಬರಲಾಗದೆ ಎಂದು ಕೇಳುವವರುಂಟು. ಶರಣರು ನಿರಾಕರಿಸಿದ್ದು ಮೈಲಿಗೆಯನ್ನು, ಕಣ್ಣೀರನ್ನಲ್ಲ. ಕಾಯಕವೆಂಬುದು ಮನವಿಟ್ಟು ಮಾಡುವ ಕೆಲಸ. ಮನವು ಸಮಾಧಿಯ ಬಳಿಯಲ್ಲಿ, ಕೈ ಮಾತ್ರ ತಿರುಗುವ ಯಂತ್ರದ ಬಳಿಯಲ್ಲಿ ಇದ್ದರೆ ಕಾಯಕವೂ ಕೆಡುವದು, ಕೈಗೂ ಅಪಾಯವು. ಆದಕಾರಣ ಕೆಲವು ದಿನ, ಸಂಬಳವನ್ನು ಕಡಿಮೆ ಮಾಡದೆ, ಹಗುರಾದ ಕೆಲಸವನ್ನು ಕೊಡಬೇಕು. ಕೆಲವರಿಗೆ ಎಂದಿನ ದುಡಿತವೇ ಸಮಾಧಾನವನ್ನು ತರುವದು. ಅಂಥವನನ್ನು ಬಲವಂತದಿಂದ ಮನೆಯಲ್ಲಿ ಕೂಡಿಸುವದೂ ಸಲ್ಲದು. ಯಾವದು ಬೇಕೆಂದು ಅವನನ್ನೇ ಏಕಾಂತದಲ್ಲಿ ಕೇಳುವದು ಲೇಸು.

ಮೂರನೆಯದು ಎಲ್ಲರೂ ಮರೆಯುವಂಥದು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೊಲದ ಖಾತೆಯನ್ನು ಬದಲಿಸಬೇಕು. ಒಬ್ಬಳೇ ಉಳಿದ ತಾಯಿಯ ವ್ಯವಸ್ಥೆಯನ್ನು ನೋಡಬೇಕು. ಇವೆಲ್ಲ ಒಂದೇ ವಾರದಲ್ಲಿ ತೀರತಕ್ಕವುಗಳಲ್ಲ. ತಿಂಗಳಾದ ಮೇಲೆ ಅವನು ಇನ್ನೊಂದು ದಿನ ರಜೆ ಬೇಡಿದರೆ "ಇನ್ನೂ ಮುಗಿಯಲಿಲ್ಲವೆ?" ಎಂದು ಕೇಳುವ ಅಧಿಕಾರಿಯು ಮೊದಲು ಮಾಡಿದ ಉಪಕಾರವನ್ನೆಲ್ಲ ಒಂದೇ ಮಾತಿನಲ್ಲಿ ಕಳೆದುಕೊಳ್ಳುವನು. "ತಾಯಿಯವರು ಹೇಗಿದ್ದಾರೆ?" ಎಂದು ಕೇಳುವವನು ಅದನ್ನು ಇಮ್ಮಡಿಗೊಳಿಸುವನು.

ದಾಸೋಹವು ಅನ್ನದಿಂದ ಮಾತ್ರವೇ ಆಗುವದಿಲ್ಲ. ದುಃಖಿತನಾದವನಿಗೆ ಎರಡು ದಿನದ ಬಿಡುವನ್ನು ಕೊಟ್ಟು, ಅವನ ಪಾಲಿನ ಕೆಲಸವನ್ನು ಜೊತೆಗಾರರು ಹಂಚಿಕೊಂಡು ಮಾಡುವದೂ ದಾಸೋಹವೇ. ಅದನ್ನು ಮಾಡಲು ಸಿರಿವಂತಿಕೆಯು ಬೇಡ. ತನಗೂ ತಂದೆತಾಯಿಗಳುಂಟೆಂಬ ನೆನಪು ಸಾಕು.