ಎರಡನೇ ಕಾರ್ಡು

ಐಟಿ ಕೆಲಸದ ಜೊತೆಗೆ ಶನಿವಾರ, ಭಾನುವಾರ ಫೋಟೋಗ್ರಫಿಯನ್ನೂ ವೃತ್ತಿಯಾಗಿ ಮಾಡತೊಡಗಿದ ಮೇಲೆ ನಮ್ಮ ವೇದಿಕೆಯ ಗೆಳತಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಯಾವ ಕ್ಯಾಮೆರಾ ತಗೊಳ್ಳಲಿ?" ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ಆರು ವರ್ಷ ನನ್ನ ಹತ್ತಿರ ಇದ್ದದ್ದು 24 ಮೆಗಾಪಿಕ್ಸೆಲ್‌ನ ಒಂದು ಸಾಧಾರಣ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸು. ಗಣಪತಿ ಹಬ್ಬ, ರಾಜ್ಯೋತ್ಸವ, ಮಕ್ಕಳ ಹುಟ್ಟುಹಬ್ಬ ಎಲ್ಲವನ್ನೂ ಅದರಲ್ಲೇ ತೆಗೆದೆ. ಹೊಗಳಿಕೆ ಕೇಳಿ ಧೈರ್ಯ ಬಂತು. ಇಲ್ಲೇ ಪುಣೆಯಲ್ಲಿರುವ ಧಾರವಾಡ ಕಡೆಯ ಒಂದು ಕುಟುಂಬ ಮಗಳ ಕುಬಸಕ್ಕೆ ಮುಂಗಡ ಕೊಟ್ಟು ಕರೆಯಿತು. ಅದು ನನ್ನ ಮೊದಲ ಸಂಪಾದನೆಯ ಕೆಲಸ. 86 ವರ್ಷದ ಅಜ್ಜಿ ಮೊಮ್ಮಗಳಿಗೆ ಆರತಿ ಮಾಡಲೆಂದೇ ಊರಿನಿಂದ ರೈಲಿನಲ್ಲಿ ಬಂದಿದ್ದರು.

ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. "ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು" ಎಂದಿತು. ರಾತ್ರಿಯೆಲ್ಲ ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಅರ್ಧದಷ್ಟು ಫೋಟೋ ಬಂದವು, ಆರತಿಯ ಫೋಟೋ ಒಂದೂ ಬರಲಿಲ್ಲ. ಹಣ ವಾಪಸ್ ಕೊಟ್ಟೆ. ಹುಡುಗಿಯ ತಾಯಿ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಮೊಬೈಲ್‌ನಾಗ ಒಂದೆರಡು ಅದಾವ" ಎಂದರು. ಮೂರು ತಿಂಗಳ ನಂತರ ಅವರದೇ ಫೋನ್ ಬಂತು. ಅಜ್ಜಿ ಹೋಗಿಬಿಟ್ಟಿದ್ದರು. "ಆ ಕಾರ್ಡಿನಾಗ ಇನ್ನೊಮ್ಮೆ ನೋಡ್ತೀರೇನ್ರಿ?" ಎಂದು ಕೇಳಿದರು. ನೋಡಿದೆ. ಏನೂ ಸಿಗಲಿಲ್ಲ.

ಆಫೀಸಿನಲ್ಲಿ ಒಂದು ಡೇಟಾಬೇಸಿಗೆ ಮೂರು ಬ್ಯಾಕಪ್ ಇಡುವವಳು ನಾನು. ಇನ್ನೊಬ್ಬರ ಮನೆಯ ನೆನಪನ್ನು ಒಂದೇ ಒಂದು ಚೂರು ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಹವ್ಯಾಸಕ್ಕೂ ವೃತ್ತಿಗೂ ಇರುವ ವ್ಯತ್ಯಾಸ ನನಗೆ ಅವತ್ತು ತಿಳಿಯಿತು. ಹವ್ಯಾಸದಲ್ಲಿ ಒಳ್ಳೆಯ ಫೋಟೋ ಬಂದರೆ ಸಂತೋಷ. ವೃತ್ತಿಯಲ್ಲಿ ಫೋಟೋ ಬರಲೇಬೇಕು.

ಹೊಸ ಕ್ಯಾಮೆರಾಕ್ಕೆಂದು ಎರಡು ಲಕ್ಷ ಕೂಡಿಟ್ಟಿದ್ದೆ. ಮೊದಲು ಕಣ್ಣಿಗೆ ಬಿದ್ದದ್ದು 45 ಮೆಗಾಪಿಕ್ಸೆಲ್. ಆದರೆ ಲೆಕ್ಕ ಹಾಕಿ ನೋಡಿ. 12×18 ಇಂಚಿನ ಆಲ್ಬಂ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು 3600×5400, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಸಾಕು. ನನ್ನ ಹಳೆಯ ಕ್ಯಾಮೆರಾದಲ್ಲೇ ಅದಕ್ಕಿಂತ ಹೆಚ್ಚಿತ್ತು.

ಹಾಗಾದರೆ ಕೊರತೆ ಎಲ್ಲಿ? ಒಂದು ವರ್ಷದಲ್ಲಿ ನಾನು ತೆಗೆದು ಕೆಟ್ಟುಹೋದ ಫೋಟೋಗಳನ್ನೆಲ್ಲ ಕೂಡಿಸಿ ನೋಡಿದೆ. ಪ್ರತಿ ಫೋಟೋದಲ್ಲೂ ಶಟರ್ ವೇಗ, ಐಎಸ್‌ಒ, ಲೆನ್ಸಿನ ಅಳತೆ ದಾಖಲಾಗಿರುತ್ತದೆ. ಹೆಚ್ಚಿನವು ಸಂಜೆಯ ಹಾಲ್‌ಗಳಲ್ಲಿ, 55 ಮಿ.ಮೀ.ನಲ್ಲಿ, ಎಫ್/5.6ರಲ್ಲಿ ತೆಗೆದವು, ಅಲುಗಿದವು. ಬೆಳಕೇ ಸಾಲದು! 50 ಮಿ.ಮೀ. ಎಫ್/1.8 ಲೆನ್ಸು ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ, ಬೆಲೆಯೂ ಕಡಿಮೆ. ಹಾಗಾಗಿ ಮೊದಲು ಕೊಂಡದ್ದು ಕ್ಯಾಮೆರಾ ಅಲ್ಲ, ಆ ಲೆನ್ಸು. ನನ್ನ ಕ್ಯಾಮೆರಾದ ಚಿಕ್ಕ ಸೆನ್ಸರಿನಲ್ಲಿ ಅದು 80 ಮಿ.ಮೀ.ನಂತೆ ವರ್ತಿಸುತ್ತಿತ್ತು. ಫ್ಲ್ಯಾಟಿನ ಹಾಲಿನಲ್ಲಿ ಐದು ಜನರನ್ನು ಸೇರಿಸಲು ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತಿತ್ತು. ಫುಲ್ ಫ್ರೇಮ್, ಅಂದರೆ 36×24 ಮಿ.ಮೀ. ಸೆನ್ಸರ್ ಯಾಕೆ ಬೇಕು ಎಂಬುದು ನನಗೆ ಗೊತ್ತಾದದ್ದು ಆ ಗೋಡೆಯಿಂದ.

ಇನ್ನು ಕ್ಯಾಮೆರಾ. ನನ್ನ ಮೊದಲ ಷರತ್ತು ಎರಡು ಕಾರ್ಡಿನ ಜಾಗ, ಒಂದೇ ಫೋಟೋ ಏಕಕಾಲಕ್ಕೆ ಎರಡರಲ್ಲೂ ಉಳಿಯಬೇಕು. ದುಬಾರಿ ಕ್ಯಾಮೆರಾಗಳಲ್ಲೆಲ್ಲ ಇದು ಇರುತ್ತದೆ ಎಂದುಕೊಳ್ಳಬೇಡಿ. 2018ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್, ನಿಕಾನ್ ಝಡ್6 ಎರಡರಲ್ಲೂ ಒಂದೇ ಜಾಗ. ಅದೇ ವರ್ಷದ ಸೋನಿ ಎ7 3ರಲ್ಲಿ ಎರಡಿತ್ತು. 2020ರಲ್ಲಿ ಬಂದ ಕ್ಯಾನನ್ ಆರ್6, ನಿಕಾನ್ ಝಡ್6 2 ಮಾದರಿಗಳಲ್ಲೂ ಎರಡಿವೆ. ವಿವರಪಟ್ಟಿಯಲ್ಲಿ ಈ ಒಂದು ಸಾಲನ್ನು ಹುಡುಕಿ ಓದಿ.

ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತನ್ನಿ. ನಾನು ತಂದಾಗ ಕಂಡದ್ದು: ಸದ್ದಿಲ್ಲದ ಶಟರ್ ಮಂತ್ರದ ಹೊತ್ತಿಗೆ ಚೆನ್ನ, ಆದರೆ ಹಾಲಿನ ಎಲ್‌ಇಡಿ ದೀಪದಲ್ಲಿ ಮುಖದ ಮೇಲೆ ಪಟ್ಟೆ ಪಟ್ಟೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ ಮಾಮೂಲಿ ಶಟರ್, 1/100ರ ವೇಗವೇ ಒಳ್ಳೆಯದು. ಭಾರವೂ ಬಾಡಿಗೆಗೆ ತಂದಾಗಲೇ ತಿಳಿಯುವುದು. 70-200 ಎಫ್/2.8ರಂಥ ಲೆನ್ಸು ಒಂದೂವರೆ ಕಿಲೊ ಹತ್ತಿರ ತೂಗಬಹುದು. ಐದು ಗಂಟೆ ಹಿಡಿಯುವ ಕೈ ನಮ್ಮದು, ಅಂಗಡಿಯವರದಲ್ಲ! ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಸೀರೆಯುಟ್ಟೇ ಕೆಲಸ ಮಾಡಿದವರು. ಅವರು ಬಳಸುತ್ತಿದ್ದ ರೋಲಿಫ್ಲೆಕ್ಸ್‌ನ ಒಂದು ರೋಲಿನಲ್ಲಿ ಬರುವುದು 12 ಫೋಟೋ ಮಾತ್ರ. ಸಲಕರಣೆ ಕೈಗೆ ಒಗ್ಗಿದ್ದರೆ ಅಷ್ಟೇ ಸಾಕಾಗುತ್ತದೆ.

ಕೊನೆಗೆ ನಾನು ಕೊಂಡದ್ದು ಬಳಸಿದ ಫುಲ್ ಫ್ರೇಮ್ ಮಿರರ್‌ಲೆಸ್. ಹಳೆಯ ಲೆನ್ಸು ಅಡಾಪ್ಟರ್ ಮೂಲಕ ಅದಕ್ಕೂ ಕೂಡುತ್ತದೆ. ಉಳಿದ ಹಣ ಒಂದು ಫ್ಲ್ಯಾಷ್, ಬ್ಯಾಟರಿ, ಒಳ್ಳೆಯ ಕಾರ್ಡುಗಳಿಗೆ ಹೋಯಿತು. ಹಳೆಯ ಕ್ಯಾಮೆರಾ ಮಾರಲಿಲ್ಲ. ಹೊಸದು ಕೈಕೊಟ್ಟರೆ ಬೇಕಲ್ಲ, ಬ್ಯಾಗಿನಲ್ಲೇ ಇದೆ.

ಆದ್ದರಿಂದ "ಯಾವ ಕ್ಯಾಮೆರಾ" ಎಂದು ಕೇಳುವ ಮೊದಲು ಎರಡು ಕೆಲಸ ಮಾಡಿ. ಕೆಟ್ಟುಹೋದ ನಿಮ್ಮ ಹತ್ತು ಫೋಟೋ ಎದುರಿಗಿಟ್ಟು ಕಾರಣ ಬರೆಯಿರಿ. ಆಮೇಲೆ, ಕಾರ್ಯಕ್ರಮದ ಮಧ್ಯೆ ಒಂದು ವಸ್ತು ಕೆಟ್ಟರೆ ಏನು ಮಾಡುತ್ತೀರಿ ಎಂದು ಬರೆಯಿರಿ. ಆ ಎರಡು ಚೀಟಿ ಹಿಡಿದು ಅಂಗಡಿಗೆ ಹೋಗಿ.

ಈಗ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಒಂದು ಕಾರ್ಡು ಬ್ಯಾಗಿನಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ ಬೇರೆಯಾಗಿ ಮನೆಗೆ ಬರುತ್ತದೆ. ಪರ್ಸಿನ ಜಿಪ್ ಎಳೆಯುವಾಗ ಒಮ್ಮೊಮ್ಮೆ ಆ ಅಜ್ಜಿ ನೆನಪಾಗುತ್ತಾರೆ.